ಮೂರು ಬೆಲ್

ಒಂದು ಬೆಲ್ ಹೊಡೆದರೆ ನಿಲ್ಲು.
ಎರಡು ಹೊಡೆದರೆ ರೈಟ್.
ಮೂರು, ಇಡೀ ಡಿಪೋದಲ್ಲಿ
ನನಗೂ ಖಾಸೀಂಸಾಬರಿಗೂ ಮಾತ್ರ ಗೊತ್ತಿದ್ದ ಲೆಕ್ಕ:
ಎಲ್ಲಿ ಗೋಡೆಯಿದೆಯೋ, ಎಲ್ಲಿ ನೀರಿದೆಯೋ,
ಎಲ್ಲಿ ಬಾಗಿಲಿಗೆ ಒಳಚಿಲಕವಿದೆಯೋ
ಅಲ್ಲಿ.

ರಾಯಚೂರಿನಿಂದ ಲಿಂಗಸುಗೂರಿಗೆ ಸ್ಟೇಜು ಎಷ್ಟು, ಕೇಳಿ,
ಕಣ್ಣು ಮುಚ್ಚಿ ಹೇಳುತ್ತೇನೆ.
ಪಾಯಖಾನೆಗಳನ್ನೂ ಹಾಗೆಯೇ.
ಕಲ್ಮಲಾ ದಾಟಿ ಪೆಟ್ರೋಲ್ ಬಂಕಿನ ಹಿಂದಿನದು, ಕೀಲಿ ಕೇಳಬೇಕು;
ಸಿರವಾರ ಸ್ಟ್ಯಾಂಡಿನದು, ನೀರು ಹೊತ್ತೊಯ್ಯಬೇಕು;
ಕವಿತಾಳದಲ್ಲಿ ನರ್ಸ್ ದೇವಪುತ್ರಮ್ಮನ ಮನೆಯದು,
ಏನೂ ಕೇಳಬೇಕಿಲ್ಲ.

ಮೊದಲು ಟಿಬಿ ಅಂದರು, ಕರುಳಿನ ಟಿಬಿ.
ಒಂಬತ್ತು ತಿಂಗಳು ಕೆಂಪು ಮೂತ್ರ ಹೊಯ್ದು
ಮೂವತ್ತೇಳು ಕಿಲೋಕ್ಕಿಳಿದೆ,
ಚೀಲದ ಪಟ್ಟಿ ಹೆಗಲಿಂದ ಜಾರುತ್ತಿತ್ತು.
ಹೈದರಾಬಾದಿನಲ್ಲಿ ಕ್ಯಾಮೆರಾ ಇಳಿಸಿ ನೋಡಿದ ಮೇಲೆ
ರೋಗದ ಹೆಸರು ಬದಲಾಯಿತು. ಕ್ರೋನ್ಸ್.
ಡಿಪೋದ ಕ್ಲರ್ಕ್ ಕೊರೋನಾ ಅಂತ ಕೇಳಿಸಿಕೊಂಡು
ಎರಡು ಹೆಜ್ಜೆ ಹಿಂದೆ ಸರಿದ.

ಸೂಜಿ ಬಂತು. ಪೆನ್ನಿನ ಹಾಗೆ,
ತೊಡೆಗೆ ಒತ್ತಿದರೆ ಟಕ್, ಹಳೇ ಪಂಚಿನ ಸದ್ದು.
ಹದಿನೈದು ದಿನಕ್ಕೊಂದು.
ನೂರು ಮಂದಿಯಲ್ಲಿ ಇಷ್ಟು ಮಂದಿಗೆ
ಒಂದು ವರ್ಷ ಹಿಡಿಯುತ್ತದೆ, ಅಂದರು ಡಾಕ್ಟರು, ಕಾಗದ ತೋರಿಸಿ.
ಆ ನೂರು ಮಂದಿಯ ಊರಲ್ಲಿ
ಮೇ ತಿಂಗಳಿದೆಯೇ ಅಂತ ನಾನು ಕೇಳಲಿಲ್ಲ.

ಇಲ್ಲಿದೆ. ನಲವತ್ತನಾಲ್ಕು ಡಿಗ್ರಿ.
ಔಷಧಕ್ಕೆ ಬೇಕಾದ್ದು ಎರಡರಿಂದ ಎಂಟು.
ಶಕ್ತಿನಗರದ ಚಿಮಣಿ ನಾಡಿಗೆಲ್ಲ ಕರೆಂಟು ಕಾಸಿ ಕಳಿಸುವಾಗ
ನಮ್ಮ ಓಣಿಯ ಫ್ಯಾನು ಮಧ್ಯಾಹ್ನ ಎರಡಕ್ಕೆ ನಿಲ್ಲುತ್ತದೆ.
ಮಹಿಮೂದನ ಸೋಡಾ ಅಂಗಡಿಯ ಫ್ರಿಜ್ಜಿನಲ್ಲಿ,
ಇನ್ವರ್ಟರಿನ ಪುಣ್ಯ,
ನಿಂಬೆಸೋಡಾ ಬಾದಾಮಿಹಾಲಿನ ನಡುವೆ ನನ್ನ ಡಬ್ಬಿ.
ಹೊಸ ಐಸ್‌ಕ್ರೀಂ ಅಂತ ಒಬ್ಬ ಹುಡುಗ ಕೈ ಹಾಕಿದ್ದ.

ಎರಡು ತಿಂಗಳಿಗೆ ರೊಟ್ಟಿ ತಿಂದೆ. ಜೋಳದ್ದೇ.
ಪುಂಡಿಪಲ್ಯ ಚಮಚೆಯಷ್ಟು, ಹೆದರಿ ಹೆದರಿ.
ಕವಿತಾಳ ಬಂದಾಗ ಖಾಸೀಂಸಾಬರು ರೂಢಿಯಂತೆ ಗಾಡಿ ನಿಧಾನಿಸಿ
ಕನ್ನಡಿಯಲ್ಲಿ ನೋಡುವರು.
ನಾನು ಎರಡು ಹೊಡೆಯುವೆ.

ಎಷ್ಟು ವರ್ಷ ನಡೀತು ಅಂದರೆ
ವೇಬಿಲ್ಲಿನ ಹಾಗೆ ಬರೆದು ತೋರಿಸಬಹುದು, ಮೊತ್ತ ತಾಳೆಯಾಗದು.
ಲಾಕ್‌ಡೌನಿನಲ್ಲಿ ಎರಡು ಡೋಸು ಗಡಿಯಾಚೆ ನಿಂತವು.
ಮುಷ್ಕರದ ತಿಂಗಳು ಸಂಬಳವಿಲ್ಲ, ಒಂದು.
ಫ್ರಿಜ್ ಕೆಟ್ಟು ಮಹಿಮೂದ ಅತ್ತ ದಿನ, ಇನ್ನೊಂದು.
ಮತ್ತೊಂದು ನಾನೇ ಬಿಟ್ಟದ್ದು. ಚೆನ್ನಾಗಿದ್ದೀನಲ್ಲ ಅಂತ.
ಅಸಲು ಕಂಪನಿಯದು ಹೋಗಿ ಅದರ ಅವಳಿ ಬಂತು, ಅರ್ಧ ರೇಟು;
ಹೊಟ್ಟೆಗೆ ಗುರುತು ಹತ್ತಲಿಲ್ಲ.
ನಾಲ್ಕನೆಯ ವರ್ಷ ಹದಿನೈದು ದಿನ ಏಳಾಯಿತು.
ಮೈ ಔಷಧದ ಮುಖ ನೆನಪಿಟ್ಟುಕೊಂಡಿದೆ,
ಒಳಗೆ ಬಿಡುತ್ತಿಲ್ಲ, ಅಂದರು ಡಾಕ್ಟರು.
ಪಾಸ್ ತೋರಿಸಿದರೂ ಇಳಿಸುವ ಕಂಡಕ್ಟರು,
ನನ್ನೊಳಗೇ ಒಬ್ಬಳು!
ಆಮೇಲೆ ಬೇರೆಯದು ಬಂತು, ಎಂಟು ವಾರಕ್ಕೊಮ್ಮೆ,
ಹಿಂಬಾಗಿಲಿನಿಂದ ಹತ್ತುವಂಥದು.

ಗುಣ ಆತೇನವ್ವಾ ಅಂತಾರೆ, ದಿನದ ಪ್ಯಾಸೆಂಜರುಗಳು.
ಚಿಲ್ಲರೆ ಇಲ್ಲದಾಗ ಟಿಕೆಟಿನ ಹಿಂದೆ ಬರ್ದು ಕೊಡ್ತೀನಲ್ಲ,
ಹಂಗ ಐತಿ.
ಇಳಿಯೋತನ ಜ್ವಾಕಿ ಇಟ್ಕಬೇಕು.

ಖಾಸೀಂಸಾಬರು ರಿಟೈರಾದರು.
ಹೊಸ ಡ್ರೈವರು ಯಂಕೋಬ, ಎಳೆಯ ಹುಡುಗ.
ಮೂರರ ಲೆಕ್ಕ ಅವನಿಗೆ ಹೇಳಲಿಲ್ಲ,
ಹದಿನಾಲ್ಕು ತಿಂಗಳು ಬೇಕಾಗಲೂ ಇಲ್ಲ.
ಹೇಳಿದರೆ ಎದ್ದು ಬಂದೀತೆಂಬ ಅಳುಕೂ ಇತ್ತು.

ಈ ಹೊತ್ತು ಸಿರವಾರ ದಾಟಿ, ಕಾಲುವೆಯ ಹತ್ತಿರ,
ಹೊಕ್ಕುಳ ಬಲಕ್ಕೆ ಆ ಹಳೆಯ ಹಿಡಿತ.
ಕೈ ತಾನಾಗಿ ಹಗ್ಗಕ್ಕೆ ಹೋಯಿತು.
ಯಂಕೋಬ ಬ್ರೇಕ್ ತುಳಿದು ತಿರುಗಿದ:
ಅಕ್ಕಾ, ಒಂದೇನು, ಎರಡೇನು?

ಐವತ್ತೆರಡು ಮಂದಿ ನನ್ನನ್ನೇ ನೋಡುತ್ತಿದ್ದಾರೆ.
ಹೇಳ್ತೀನಿ ತಮ್ಮಾ,
ಮೊದಲು ಗಾಡಿ ಬಿಡು.